ಎಚ್-ಇಂಡೆಕ್ಸ್ ಹನ್ನೊಂದು ಅದ, ಚಲೋನೋ ಕೆಟ್ಟದ್ದೋ?

ಪುಣೆಯ ಕರ್ವೆನಗರದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಧಾರವಾಡದ ಕಾಕು ಒಬ್ಬರಿದ್ದಾರೆ. ಮಗಳಿಗೆ ಗಂಡು ನೋಡುತ್ತಿದ್ದಾರೆ. ಮೊನ್ನೆ ಸಂಜೆ ಒಂದು ಕೈಯಲ್ಲಿ ಗಿರ್ಮಿಟ್ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಬಂದರು. ವಾಟ್ಸಾಪಿನಲ್ಲಿ ಒಬ್ಬ ಹುಡುಗನ ಬಯೋಡೇಟಾ ಬಂದಿತ್ತು. ಗೋತ್ರ, ನಕ್ಷತ್ರ, ಎತ್ತರ ಎಲ್ಲ ಆದ ಮೇಲೆ ಕೊನೆಗೆ ಒಂದು ಸಾಲು: ‘ಇಮ್ಯುನಾಲಜಿಯಲ್ಲಿ ಪಿಎಚ್‌ಡಿ. ಪಬ್ಲಿಕೇಶನ್ 22, ಸೈಟೇಶನ್ 787, ಎಚ್-ಇಂಡೆಕ್ಸ್ 11.’ (ಇಮ್ಯುನಾಲಜಿ ಅಂದರೆ ದೇಹದ ರೋಗನಿರೋಧಕ ಶಕ್ತಿಯ ವಿಜ್ಞಾನ.)

“ವೈನಿ, ನೀವು ಲೈಬ್ರರಿಯೊಳಗ ಇದ್ದವರು. ಈ ಎಚ್-ಇಂಡೆಕ್ಸ್ ಅಂದ್ರ ಏನ್ರೀ? ಶುಗರ್ ಇದ್ದಂಗೇನು? ನಮ್ಮನಿಯವರದು ಎಚ್‌ಬಿ-ಎ-ಒನ್-ಸಿ ಒಂಬತ್ತು ಬಂದಾಗ ಡಾಕ್ಟರ್ ಬೈದಿದ್ರು. ಇವಂದು ಹನ್ನೊಂದು ಅದ!”

ನಕ್ಕೆ. ಆದರೆ ಪ್ರಶ್ನೆ ಸಣ್ಣದಲ್ಲ. ಇಲ್ಲಿಯ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ 26 ವರ್ಷ ಕೆಲಸ ಮಾಡಿದವಳು ನಾನು. ಪ್ರಮೋಷನ್ ಕಾಲ ಬಂತೆಂದರೆ ದೊಡ್ಡ ದೊಡ್ಡ ವಿಜ್ಞಾನಿಗಳೇ ನನ್ನ ಟೇಬಲ್ ಮುಂದೆ ನಿಂತು ‘ನನ್ನದು ಎಷ್ಟಿದೆ ಸ್ವಲ್ಪ ತೆಗೆದುಕೊಡಿ’ ಎನ್ನುತ್ತಿದ್ದರು. ಅಂಕಿ ತೆಗೆಯುವುದು ಎರಡು ನಿಮಿಷದ ಕೆಲಸ. ಅದನ್ನು ಓದುವುದು ಕಷ್ಟ. ಓದಲು ಬಾರದೆಯೇ ಅದರ ಮೇಲೆ ನೌಕರಿ ಕೊಟ್ಟವರನ್ನೂ ನೋಡಿದ್ದೇನೆ. ಕಾಕು ಆದರೂ ಕೇಳಿದರಲ್ಲ!

ಸೈಟೇಶನ್ ಎಂದರೆ ಉಲ್ಲೇಖ. ವಿಜ್ಞಾನಿಗಳು ಪೇಪರ್ ಬರೆದಾಗ ‘ಈ ಮಾತು ಮೊದಲು ಇವರು ತೋರಿಸಿದ್ದು, ಈ ವಿಧಾನ ಅವರಿಂದ ತೆಗೆದುಕೊಂಡದ್ದು’ ಎಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದ ಹಾಗೆ. ಯಾರಿಂದ ಏನು ಬಂತು ಎಂಬ ಲೆಕ್ಕ. ಈಗ ಊರಿನ ಎಲ್ಲ ಮನೆಗಳ ಮುಯ್ಯಿ ಪುಸ್ತಕ ಒಟ್ಟುಹಾಕಿ ತಿರುಗಿಸಿ ಬರೆದರೆ? ‘ಈ ಮನುಷ್ಯ ಯಾರ್ಯಾರ ಮನೆಗೆ ಕೊಟ್ಟಿದ್ದಾನೆ’ ಎಂಬುದು ಗೊತ್ತಾಗುತ್ತದೆ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಮಾಡಿದ್ದು ಇದನ್ನೇ. 1955ರಲ್ಲಿ ಅವರು ಈ ಯೋಚನೆ ಮುಂದಿಟ್ಟರು. ಹೊಳೆದದ್ದು ವಕೀಲರಿಂದ. ಒಂದು ಹಳೇ ತೀರ್ಪನ್ನು ಮುಂದಿನ ಯಾವ ಯಾವ ಕೇಸಿನಲ್ಲಿ ಎತ್ತಿಕೊಂಡರು ಎಂದು ನೋಡಲು ಅಲ್ಲಿನ ವಕೀಲರ ಬಳಿ 1873ರಿಂದಲೇ ಒಂದು ಸೂಚಿ ಇತ್ತು. ಅದನ್ನೇ ವಿಜ್ಞಾನಕ್ಕೆ ತಂದು 1964ರ ಹೊತ್ತಿಗೆ ಗಾರ್‌ಫೀಲ್ಡ್ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರತಂದರು. ನಾನು ಕೆಲಸಕ್ಕೆ ಸೇರಿದಾಗ ಅದು ದಪ್ಪ ದಪ್ಪ ಸಂಪುಟಗಳಲ್ಲಿ ಬರುತ್ತಿತ್ತು. ಇರುವೆ ಸಾಲಿನಂಥ ಅಕ್ಷರ. ಪಕ್ಕದಲ್ಲಿ ಭೂತಗನ್ನಡಿ ಇಟ್ಟಿರುತ್ತಿದ್ದೆವು. ಅದನ್ನು ಮಾಡಿದ್ದೇ ಬೇಕಾದ ಪೇಪರ್ ಹುಡುಕುವುದಕ್ಕೆ. ಮನುಷ್ಯರನ್ನು ಅಳೆಯುವ ಚಟ ಆಮೇಲೆ ಹತ್ತಿಕೊಂಡಿತು.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ್ದು. ಲೆಕ್ಕ ಸುಲಭ. ಕಾಕು ಮುಂದೆಯೇ ಹುಡುಗನ ಪ್ರೊಫೈಲ್ ತೆರೆದು, ಹೆಚ್ಚು ಸೈಟೇಶನ್ ಬಂದದ್ದು ಮೇಲೆ ಬರುವಂತೆ ಪೇಪರ್ ಜೋಡಿಸಿದೆ. (ಅಂಕಿಗಳನ್ನು ಇಲ್ಲಿ ಬದಲಿಸಿದ್ದೇನೆ. ಪರರ ಮನೆ ಹುಡುಗ.) ಮೇಲಿಂದ: 412, 96, 61, 40, 33, 25, 19, 17, 14, 12, 11, 11. ಉಳಿದ ಹತ್ತು ಪೇಪರಿಗೆ ಒಂಬತ್ತು ಅಥವಾ ಕಡಿಮೆ. ಎರಡಕ್ಕೆ ಸೊನ್ನೆ. ಈಗ ಮೇಲಿಂದ ಎಣಿಸುತ್ತಾ ಬನ್ನಿ. ಹತ್ತನೇ ಪೇಪರಿಗೆ 12 ಇದೆ, ಹತ್ತಕ್ಕಿಂತ ಜಾಸ್ತಿ, ಸರಿ. ಹನ್ನೊಂದನೆಯದಕ್ಕೆ 11, ಸರಿ. ಹನ್ನೆರಡನೆಯದಕ್ಕೂ 11, ಆದರೆ ಬೇಕಾದದ್ದು 12. ಅಲ್ಲಿಗೆ ನಿಂತಿತು. ಅಂದರೆ ಕನಿಷ್ಠ 11 ಸಲ ಉಲ್ಲೇಖವಾದ 11 ಪೇಪರುಗಳು ಇವನ ಬಳಿ ಇವೆ. ಅದೇ ಎಚ್-ಇಂಡೆಕ್ಸ್ 11.

“ಹಂಗಾದ್ರ ಜಾಸ್ತಿ ಇದ್ರ ಚಲೋ.”

ಅಷ್ಟು ಬೇಗ ಬೇಡ ಕಾಕು, ಅಂದೆ. ಒಂದು ಆಟ ತೋರಿಸಿದೆ. ಮೇಲಿನ 412ರ ಪೇಪರನ್ನು ಬೆರಳಿಂದ ಮುಚ್ಚಿದೆ. ಒಟ್ಟು ಸೈಟೇಶನ್ 787ರಿಂದ 375ಕ್ಕೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಒಂದೇ ಪೇಪರಿನಲ್ಲಿ ಕೂತಿತ್ತು. ಈಗ ಎಚ್-ಇಂಡೆಕ್ಸ್ ಮತ್ತೆ ಎಣಿಸಿದರೆ? ಅದೇ 11! ಸಾಲು ಒಂದೊಂದು ಮೆಟ್ಟಿಲು ಮೇಲೆ ಸರಿಯಿತು, ಹನ್ನೊಂದನೇ ಜಾಗಕ್ಕೆ ಇನ್ನೊಂದು 11 ಬಂದು ಕೂತಿತು. ಒಂದು ಅಂಕಿ ಅರ್ಧ ಕುಸಿದರೆ ಇನ್ನೊಂದು ಕಣ್ಣೇ ಮಿಟುಕಿಸಲಿಲ್ಲ. ಎಚ್-ಇಂಡೆಕ್ಸಿಗೆ ದೊಡ್ಡ ಪೇಪರು ಎಷ್ಟು ದೊಡ್ಡದು ಎಂಬುದರ ಗೊಡವೆ ಇಲ್ಲ. ಜೀವಮಾನದಲ್ಲಿ ಐದೇ ಪೇಪರ್ ಬರೆದು ಒಂದೊಂದಕ್ಕೂ ಸಾವಿರ ಉಲ್ಲೇಖ ಪಡೆದವರ ಎಚ್-ಇಂಡೆಕ್ಸ್ ಐದನ್ನು ದಾಟುವುದೇ ಇಲ್ಲ. ಮತ್ತೆ ಅದು ಇಳಿಯುವುದೂ ಇಲ್ಲ. ಕೈಕಟ್ಟಿ ಕೂತವರದ್ದೂ ವರ್ಷ ಕಳೆದಂತೆ ಏರುತ್ತದೆ. ಹಾಗಾಗಿ 30 ವರ್ಷದ ಹುಡುಗನದ್ದನ್ನೂ 55 ವರ್ಷದ ಪ್ರೊಫೆಸರದ್ದನ್ನೂ ಪಕ್ಕ ಪಕ್ಕ ಇಡುವುದು ಹುಚ್ಚು. ಹೆರಿಗೆ, ಮಗು ಎಂದು ಮೂರು ವರ್ಷ ಲ್ಯಾಬಿನಿಂದ ದೂರ ಇದ್ದ ಹೆಣ್ಣುಮಕ್ಕಳದ್ದಂತೂ ಬೇರೆಯೇ ಕತೆ.

ಹಾಗಾದರೆ ಏನು ನೋಡಬೇಕು? ಅಂಕಿಯ ಹಿಂದಿನ ಪೇಪರ್ ತೆರೆದು ನೋಡಬೇಕು. ಬೇರೆ ದಾರಿ ಇಲ್ಲ.

412ರದ್ದನ್ನು ತೆರೆದೆವು. 2021ರದ್ದು, ಕೋವಿಡ್ ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳ, ಅಂದರೆ ಆಂಟಿಬಾಡಿಗಳ, ಬಗ್ಗೆ. ಲೇಖಕರು 64 ಜನ. ನಮ್ಮ ಹುಡುಗ 31ನೆಯವನು. ಇಮ್ಯುನಾಲಜಿಯಂಥ ಜೀವವಿಜ್ಞಾನದ ಪೇಪರುಗಳಲ್ಲಿ ಹೆಸರಿನ ಜಾಗಕ್ಕೆ ಅರ್ಥ ಇದೆ. ಮೊದಲ ಹೆಸರು ಸಾಮಾನ್ಯವಾಗಿ ರಾತ್ರಿ ಹಗಲು ಲ್ಯಾಬಿನಲ್ಲಿ ಕೂತು ಕೆಲಸ ಮಾಡಿದವರದ್ದು. ಕೊನೆಯ ಹೆಸರು ಲ್ಯಾಬಿನ ಯಜಮಾನರದ್ದು, ನಾವು ಗೈಡ್ ಎನ್ನುತ್ತೇವಲ್ಲ, ಅವರದ್ದು. ನಡುವಿನವರು ಕೈಗೂಡಿಸಿದವರು. ಸ್ಯಾಂಪಲ್ ತಂದಿರಬಹುದು, ಲೆಕ್ಕ ಮಾಡಿರಬಹುದು. ಗಣಿತದವರಲ್ಲಿ ಹೀಗಲ್ಲ, ಅಲ್ಲಿ ಹೆಸರನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆಯುವುದೇ ರೂಢಿ. 2020-21ರಲ್ಲಿ ಕೋವಿಡ್ ಮೇಲೆ ಬಂದ ಪೇಪರುಗಳಿಗೆ ಮಳೆಗಾಲದ ಹೊಳೆಯಂತೆ ಉಲ್ಲೇಖ ಹರಿದುಬಂತು. ಎಲ್ಲರೂ ಅದೇ ವಿಷಯದ ಮೇಲೆ ಬರೆಯುತ್ತಿದ್ದರು, ಎಲ್ಲರಿಗೂ ಅವೇ ಪೇಪರ್ ಬೇಕಾಗಿದ್ದವು. ಆ ವರ್ಷಗಳಲ್ಲಿ ಎಷ್ಟೋ ಇಮ್ಯುನಾಲಜಿಸ್ಟರ ಗ್ರಾಫ್ ಇದ್ದಕ್ಕಿದ್ದಂತೆ ಗುಡ್ಡ ಏರಿದೆ.

96ರದ್ದು ರಿವ್ಯೂ. ಹೊಸ ಪ್ರಯೋಗ ಇಲ್ಲ. ಆವರೆಗೆ ಬೇರೆಯವರು ಮಾಡಿದ್ದನ್ನೆಲ್ಲ ಓದಿ ಒಟ್ಟುಮಾಡಿ ಬರೆದ ಲೇಖನ, ಗೈಡ್ ಜೊತೆ ಸೇರಿ ಬರೆದದ್ದು. ರಿವ್ಯೂಗೆ ಯಾವಾಗಲೂ ಜಾಸ್ತಿ ಉಲ್ಲೇಖ. ಕಾರಣ ಸೋಮಾರಿತನ ಎಂದರೆ ವಿಜ್ಞಾನಿಗಳು ಸಿಟ್ಟಾಗುತ್ತಾರೆ, ಆದರೂ ಅದೇ ಕಾರಣ. ಹತ್ತು ಮೂಲ ಪೇಪರ್ ಹೆಸರಿಸುವ ಬದಲು ಒಂದು ರಿವ್ಯೂ ಹೆಸರಿಸಿದರೆ ಕೆಲಸ ಮುಗಿಯಿತಲ್ಲ! ಬರೀ ರಿವ್ಯೂ ಅಚ್ಚುಹಾಕುವ ಜರ್ನಲ್‌ಗಳೇ ಇವೆ. 1983ರಿಂದ ಬರುತ್ತಿರುವ ‘ಆನ್ಯುಯಲ್ ರಿವ್ಯೂ ಆಫ್ ಇಮ್ಯುನಾಲಜಿ’ ಅಂಥದ್ದು. ಒಳ್ಳೇ ರಿವ್ಯೂ ಬರೆಯಲು ತಲೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅದು ಹೊಲ ಉತ್ತ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಜಾತಿ ಇದೆ, ವಿಧಾನದ ಪೇಪರ್. ಇವನದ್ದರಲ್ಲಿ ಅಂಥದ್ದು ಇರಲಿಲ್ಲ. ಆದರೆ ಇದನ್ನು ಹೇಳದಿದ್ದರೆ ಇಮ್ಯುನಾಲಜಿಯ ಅಂಕಿಗಳು ಅರ್ಥವೇ ಆಗುವುದಿಲ್ಲ. ಟಿಮ್ ಮೋಸ್‌ಮನ್ ಎಂಬ ಇಮ್ಯುನಾಲಜಿಸ್ಟ್ 1983ರಲ್ಲಿ ಒಂದು ಪೇಪರ್ ಬರೆದರು. ಜೀವಕೋಶಗಳಿಗೆ ಹಳದಿ ಬಣ್ಣದ ಒಂದು ರಾಸಾಯನಿಕ ಹಾಕಿದರೆ ಬದುಕಿದ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ಬಣ್ಣ ಎಷ್ಟು ಗಾಢವೋ ಅಷ್ಟು ಕೋಶ ಜೀವಂತ. ಎಂಟಿಟಿ ಪರೀಕ್ಷೆ ಎನ್ನುತ್ತಾರೆ. ಪುಣೆಯ ಬಯಾಲಜಿ ವಿದ್ಯಾರ್ಥಿಗಳಲ್ಲಿ ಇದನ್ನು ಮಾಡದವರು ಕಡಿಮೆ. ಮೂರು ವರ್ಷದ ನಂತರ, 1986ರಲ್ಲಿ, ಇದೇ ಮೋಸ್‌ಮನ್ ರಾಬರ್ಟ್ ಕಾಫ್‌ಮನ್ ಮತ್ತಿತರರ ಜೊತೆ ಸೇರಿ ಬೇರೊಂದು ಪೇಪರ್ ಬರೆದರು. ರೋಗದ ವಿರುದ್ಧ ಉಳಿದ ಕೋಶಗಳನ್ನು ಹುರಿದುಂಬಿಸುವ ಸಹಾಯಕ ಟಿ-ಕೋಶ ಎಂಬ ಬಿಳಿ ರಕ್ತಕಣಗಳಲ್ಲಿ ಎರಡು ಬಗೆ ಇವೆ ಎಂದು ತೋರಿಸಿದ ಪೇಪರ್ ಅದು. ಒಂದು ಬಗೆ ಕೋಶದೊಳಗೆ ಅಡಗಿದ ರೋಗಾಣುವಿನ ಮೇಲೆ ದಾಳಿಗೆ ಇಳಿಸುತ್ತದೆ, ಇನ್ನೊಂದು ಹೊಟ್ಟೆಹುಳು, ಅಲರ್ಜಿಯ ದಾರಿ ಹಿಡಿಯುತ್ತದೆ. ಇಡೀ ಕ್ಷೇತ್ರದ ಯೋಚನೆಯನ್ನೇ ಅದು ತಿರುಗಿಸಿತು. ಈಗ ಹೇಳಿ, ಯಾವುದಕ್ಕೆ ಉಲ್ಲೇಖ ಜಾಸ್ತಿ? ಬಣ್ಣದ ಪರೀಕ್ಷೆಗೆ, ಅದೂ ಅನೇಕ ಪಟ್ಟು. ಎಂಟಿಟಿ ಮಾಡುವವರು ಇಮ್ಯುನಾಲಜಿಯವರೇ ಆಗಬೇಕಿಲ್ಲ. ಕ್ಯಾನ್ಸರಿನವರು, ಔಷಧದವರು, ಅಮೃತಬಳ್ಳಿ ಕಷಾಯ ಪರೀಕ್ಷಿಸುವವರು, ಎಲ್ಲರೂ ಅದನ್ನು ಹೆಸರಿಸುತ್ತಾರೆ. ಇನ್ನು ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖವಾದ ಪೇಪರ್ ಯಾವುದು ಗೊತ್ತಾ? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ, 1951ರ ಲೌರಿ ಎಂಬುವರ ಪೇಪರ್. ಉಲ್ಲೇಖ 3 ಲಕ್ಷ ದಾಟಿದೆ. ಅಡುಗೆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೈಗೆ ಬರುವುದು ಸೌಟು, ಅಲ್ವಾ?

ಇದಕ್ಕೆ ತಿರುಗುಮುರುಗು ಉದಾಹರಣೆಯೂ ಇದೆ. ಕೆಲವು ಕೆಲಸ ಎಷ್ಟು ದೊಡ್ಡದಾಗುತ್ತದೆಂದರೆ ಯಾರೂ ಉಲ್ಲೇಖಿಸುವುದೇ ಇಲ್ಲ. ಮುಂಬೈಯಲ್ಲಿ 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಒಂದು ವಿಚಿತ್ರ ರಕ್ತದ ಗುಂಪನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ವರದಿ ಮಾಡಿದರು. ಸಾಮಾನ್ಯ ಪರೀಕ್ಷೆಯಲ್ಲಿ ‘ಒ’ ಎಂದು ಕಾಣುತ್ತದೆ, ಆದರೆ ‘ಒ’ ರಕ್ತ ಕೊಟ್ಟರೂ ಆಗಿಬರುವುದಿಲ್ಲ. ಇವತ್ತು ಎಲ್ಲ ಬ್ಲಡ್ ಬ್ಯಾಂಕಿನವರೂ ‘ಬಾಂಬೆ ಗ್ರೂಪ್’ ಎನ್ನುತ್ತಾರೆ. ಎಷ್ಟು ಜನ ಆ 1952ರ ಪೇಪರನ್ನು ಪಟ್ಟಿಗೆ ಹಾಕುತ್ತಾರೆ? ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಒಂದೇ ಬಗೆಯ ಪ್ರತಿಕಾಯ ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು, 1984ರಲ್ಲಿ ನೊಬೆಲ್ ಬಂತು. ಇವತ್ತು ಅಂಥ ಪ್ರತಿಕಾಯ ಬಳಸುವವರು ಬಾಟಲಿ ಮಾರಿದ ಕಂಪನಿಯ ಹೆಸರು ಬರೆಯುತ್ತಾರೆ, ಆ ಪೇಪರಿನದ್ದಲ್ಲ. ಪಠ್ಯಪುಸ್ತಕ ಸೇರಿದ ಮೇಲೆ ಸೈಟೇಶನ್ ನಿಂತುಹೋಗುತ್ತದೆ. ಉಪ್ಪಿನಕಾಯಿಯನ್ನು ಮೊದಲು ಹಾಕಿದವರ ಹೆಸರು ಯಾರಿಗೆ ಗೊತ್ತು?

ತಡವಾಗಿ ಬರುವ ಮನ್ನಣೆಯೂ ಇದೆ. ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇಲಿಯ ಗುಲ್ಮದಲ್ಲಿ ಕೊಂಬೆ ಕೊಂಬೆಯಾಗಿ ಚಾಚಿಕೊಂಡ ಒಂದು ಹೊಸ ಕೋಶ ಕಂಡರು. ಡೆಂಡ್ರಿಟಿಕ್ ಕೋಶ ಎಂದು ಹೆಸರಿಟ್ಟರು. ವರ್ಷಗಟ್ಟಲೆ ಹೆಚ್ಚಿನವರು ನಂಬಲಿಲ್ಲ. ಇವತ್ತು ಆ ಕೋಶ ಇಲ್ಲದೆ ಇಮ್ಯುನಾಲಜಿ ಪಾಠವೇ ಇಲ್ಲ. 2011ರಲ್ಲಿ ನೊಬೆಲ್ ಘೋಷಣೆ ಆದಾಗ ಅವರು ತೀರಿಹೋಗಿ ಮೂರು ದಿನವಾಗಿತ್ತು, ಸಮಿತಿಗೆ ಗೊತ್ತೇ ಇರಲಿಲ್ಲ. ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ‘ಇಮ್ಯುನಿಟಿ’ ಜರ್ನಲ್‌ನಲ್ಲಿ ಬರೆದ ಆರ್‌ಎನ್‌ಎ (ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಒಯ್ಯುವ ಅಣು) ಪೇಪರಿನದ್ದೂ ಅಷ್ಟೇ. ಆಗ ದೊಡ್ಡ ಸದ್ದೇನೂ ಆಗಲಿಲ್ಲ. 2020ರ ಕೊನೆಗೆ ಆ ದಾರಿಯಲ್ಲೇ ಕೋವಿಡ್ ಲಸಿಕೆ ಬಂತು, 2023ರಲ್ಲಿ ನೊಬೆಲ್. ಕಾರಿಕೊ ಅವರಿಗೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಇಳಿಸಿದ್ದು 1995ರಲ್ಲಿ. ಆಗ ಯಾರಾದರೂ ಅವರ ಸೈಟೇಶನ್ ಎಣಿಸಿ ‘ಹುಡುಗಿ ಚಲೋ ಇಲ್ಲ’ ಎಂದಿದ್ದರೆ ತಪ್ಪು ಎನ್ನಲು ಯಾರ ಬಳಿಯೂ ಪುರಾವೆ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ನಮ್ಮ ಕನ್ನಡದವರಿಗೆ ಹತ್ತಿರದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕಡೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋದ ಜನರಿಗೆ ಜ್ವರ. ಮಂಗ ಸಾಯುವುದನ್ನು ಕಂಡು ಇದು ಹಳದಿ ಜ್ವರವೇ ಇರಬೇಕು ಎಂದು ಮೊದಲು ಗಾಬರಿಯಾಗಿತ್ತು. ಅಲ್ಲಿಗೆ ಹೋಗಿ ವೈರಸ್ ಹಿಡಿದವರು ನಮ್ಮ ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು. 1952ರಲ್ಲಿ ಶುರುವಾದ ಆ ಕೇಂದ್ರವೇ ಇವತ್ತಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ. ಹರಡುವುದು ಉಣುಗಿನಿಂದ, ವೈರಸ್ ರಷ್ಯಾ ಕಡೆಯ ಒಂದು ಮೆದುಳುಜ್ವರದ ವೈರಸ್ಸಿನ ಬಳಗದ್ದು ಎಂದು ತೋರಿಸಿದರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ.

ಈಗ ಒಬ್ಬರು ಜೀವಮಾನ ಪೂರ್ತಿ ಮಂಗನ ಕಾಯಿಲೆಗೆ ದೇಹ ಹೇಗೆ ಎದುರು ನಿಲ್ಲುತ್ತದೆ ಎಂದು ಓದುತ್ತಾರೆ ಅಂದುಕೊಳ್ಳಿ. ಅವರನ್ನು ಉಲ್ಲೇಖಿಸುವವರು ಯಾರು? ಈ ರೋಗ ಇರುವುದು ಪಶ್ಚಿಮ ಘಟ್ಟದ ಸಾಲಿನಲ್ಲಿ. ಇದರ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳು ಬೆರಳೆಣಿಕೆ. ವೈರಸ್ ಅಪಾಯಕಾರಿ, ಹಾಗಾಗಿ ಅತಿ ಬಿಗಿ ಭದ್ರತೆಯ ಲ್ಯಾಬ್ ಬೇಕು. ದೇಶದಲ್ಲಿ ಅಂಥ ಮೊದಲನೆಯದು ಇರುವುದು ಇಲ್ಲೇ ಪುಣೆಯ ಪಾಷಾಣ್ ಬಡಾವಣೆಯಲ್ಲಿ. ಕ್ಯಾನ್ಸರ್ ಮತ್ತು ಟಿ-ಕೋಶದ ಮೇಲೆ ಬರೆದವರಿಗೆ ಬಾಸ್ಟನ್‌ನಿಂದ ಬೀಜಿಂಗ್‌ವರೆಗೆ ಓದುಗರಿದ್ದಾರೆ. ಮಂಗನ ಕಾಯಿಲೆಯವರಿಗೆ ಎಷ್ಟು ಜನ ಸಿಕ್ಕಾರು? ತೀರ್ಥಹಳ್ಳಿಯ ಕಡೆ ಮನೆ ಮನೆಗೆ ಹೋಗಿ, ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಿ ಎನ್ನುವ ಆಶಾ ಕಾರ್ಯಕರ್ತೆ ಪೇಪರ್ ಬರೆಯುವುದಿಲ್ಲ. ಅವಳು ಬಳಸಿದ ತಿಳಿವಳಿಕೆ ಯಾರ ಸೈಟೇಶನ್ ಪಟ್ಟಿಗೂ ಸೇರುವುದಿಲ್ಲ. 2015ರ ಹೊತ್ತಿಗೆ ರೋಗ ಗೋವಾದ ಸತ್ತರಿ ತಾಲೂಕಿಗೆ ಬಂತು, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗಕ್ಕೆ. ಆಗ ಎಲ್ಲರೂ ಹುಡುಕಿದ್ದು ಆ ಬೆರಳೆಣಿಕೆಯವರನ್ನೇ. ಇಮ್ಯುನಾಲಜಿ ಎಂದು ಒಂದೇ ಚೀಟಿ ಅಂಟಿಸಿದ್ದರೂ ಒಳಗೆ ಪೇಟೆ ಬೀದಿಯೂ ಇದೆ, ಒಂಟಿ ಮನೆಯೂ ಇದೆ. ಎರಡರ ಮುಂದೆ ನಡೆದಾಡುವವರನ್ನು ಎಣಿಸಿ ಮನೆ ಹೇಗಿದೆ ಎಂದು ಹೇಳುವುದು ಹೇಗೆ?

ಕಾಕು ನಡುವೆ ಒಂದು ಒಳ್ಳೇ ಪ್ರಶ್ನೆ ಕೇಳಿದರು. ಬೈಯಲಿಕ್ಕೆ ಹೆಸರು ತಗೊಂಡ್ರೂ ಎಣಿಸ್ತಾರೇನು? ಹೂಂ, ಎಣಿಸುತ್ತಾರೆ. ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಬರೇ 12 ಮಕ್ಕಳನ್ನು ನೋಡಿ ದಡಾರ, ಮಂಗಬಾವು, ರುಬೆಲ್ಲಾಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರುವಂತೆ ಬರೆದರು. ಅದು ತಪ್ಪು ಎಂದು ಸಾಬೀತಾಯಿತು. 2010ರಲ್ಲಿ ‘ಲ್ಯಾನ್ಸೆಟ್’ ಆ ಪೇಪರನ್ನು ಹಿಂತೆಗೆದುಕೊಂಡಿತು. ಅದಕ್ಕೆ ಸಾವಿರಾರು ಉಲ್ಲೇಖಗಳಿವೆ, ಬಹಳಷ್ಟು ಖಂಡಿಸಿಯೇ ಬರೆದವು. ಎಣಿಸುವ ಯಂತ್ರಕ್ಕೆ ಹೊಗಳಿಕೆ ಬೈಗುಳ ಎರಡೂ ಒಂದೇ.

ಎಲ್ಲಿ ಎಣಿಸುತ್ತೀರಿ ಎಂಬುದೂ ಮುಖ್ಯ. ಹುಡುಗ ಕೊಟ್ಟ 787 ಗೂಗಲ್ ಸ್ಕಾಲರಿನದ್ದು. ಅದು ಪಿಎಚ್‌ಡಿ ಥೀಸಿಸ್, ಇನ್ನೂ ಪರಿಶೀಲನೆ ಆಗದ ಬರಹ, ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಡೇಟಾಬೇಸ್‌ಗಳು ಆರಿಸಿದ ಜರ್ನಲ್‌ಗಳನ್ನಷ್ಟೇ ನೋಡುತ್ತವೆ, ಅಲ್ಲಿ ಅಂಕಿ ಕಡಿಮೆ ಬರುತ್ತದೆ. ಮೋಸ ಏನಿಲ್ಲ, ಜರಡಿಯ ಕಣ್ಣು ಬೇರೆ ಬೇರೆ. ಹೆಸರಿನ ಗೋಳು ಇನ್ನೊಂದು. ಪುಣೆಯಲ್ಲಿ ‘ಎಸ್. ಕುಲಕರ್ಣಿ’ ಎಂದು ಹುಡುಕಿದರೆ ಒಂದು ಜಾತ್ರೆ ಎದ್ದು ಬರುತ್ತದೆ. ಒಬ್ಬರ ಪೇಪರ್ ಇನ್ನೊಬ್ಬರ ಖಾತೆಗೆ ಜಮೆಯಾದದ್ದನ್ನು ನಾನೇ ಎಷ್ಟೋ ಸಲ ಬಿಡಿಸಿದ್ದೇನೆ. ಮೈಸೂರು ಕಡೆಯವರಿಗೆ ಮನೆತನದ ಹೆಸರೇ ಇರುವುದಿಲ್ಲ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಬ್ಬರೇ ಮೂವರಾಗುತ್ತಾರೆ. ಮದುವೆಯಾಗಿ ಅಡ್ಡಹೆಸರು ಬದಲಾದ ಹೆಣ್ಣುಮಕ್ಕಳ ಅರ್ಧ ಕೆಲಸ ತವರಿನ ಹೆಸರಲ್ಲೇ ಉಳಿದುಬಿಡುತ್ತದೆ. 2012ರಲ್ಲಿ ಓರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಬಂದ ಮೇಲೆ ಈ ಕಾಟ ಕಡಿಮೆಯಾಗಿದೆ. ನಾನಾಗಿದ್ದರೆ ಬಯೋಡೇಟಾದಲ್ಲಿ ಅದನ್ನೇ ಬರೆಯಲು ಹೇಳುತ್ತಿದ್ದೆ.

ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಎರಡೇ ಮಾತು. ಅದು ಜರ್ನಲಿನ ಸರಾಸರಿ, ಪೇಪರಿನ ಅಂಕವಲ್ಲ. ಹಿಂದಿನ ಎರಡು ವರ್ಷದ ಪೇಪರುಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪೇಪರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುತ್ತದೆ. ಹರಳುಗಳ ರಚನೆಯ ಬಗ್ಗೆ ಇರುವ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಜರ್ನಲಿನದ್ದು 2ರ ಆಸುಪಾಸಿನಲ್ಲಿತ್ತು. 2008ರ ಒಂದೇ ಒಂದು ಪೇಪರಿನಿಂದ ಅದು ಮರುವರ್ಷ ಸುಮಾರು 50ಕ್ಕೆ ಹಾರಿತು. ಪಕ್ಕದ ಪುಟದಲ್ಲಿದ್ದ ಪೇಪರಿಗೆ ಅದರಿಂದ ಏನು ಬಂತು? ಸೊಸೈಟಿಯಲ್ಲಿ ಒಬ್ಬ ಕೋಟ್ಯಧಿಪತಿ ಮನೆ ಮಾಡಿದರೆ ನಮ್ಮೆಲ್ಲರ ಸರಾಸರಿ ಏರಿದ ಹಾಗೆ. ಇಂಥದ್ದರ ಮೇಲೆ ಮನುಷ್ಯರನ್ನು ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಸೇರಿ ರೂಪಿಸಿದ ಘೋಷಣೆ 2013ರಲ್ಲೇ ಹೊರಬಂತು. ನಮ್ಮ ದೇಶದಲ್ಲಿ ಯುಜಿಸಿ ಒಳ್ಳೇ ಜರ್ನಲ್ ಯಾವುದೆಂದು ‘ಕೇರ್’ ಪಟ್ಟಿ ಮಾಡಲು 2018ರಲ್ಲಿ ಹೊರಟಿತು. ಅದರ ಕೆಲಸ ನಡೆದದ್ದು ಇಲ್ಲಿನ ಪುಣೆ ವಿಶ್ವವಿದ್ಯಾಲಯದಲ್ಲೇ. 2025ರಲ್ಲಿ ಅದನ್ನೂ ಕೈಬಿಟ್ಟರು.

ಇಷ್ಟೆಲ್ಲ ಆದ ಮೇಲೆ 61ರ ಪೇಪರ್ ತೆರೆದೆವು. ಲೇಖಕರು ಐವರು. ಮೊದಲ ಹೆಸರು ಹುಡುಗನದ್ದೇ. ಕಾಲಾ ಅಜಾರ್ ರೋಗಾಣು ನಮ್ಮ ಭಕ್ಷಕ ಕೋಶದ ಹೊಟ್ಟೆಯೊಳಗೆ ಸೇರಿ ಹೇಗೆ ಅರಗದೆ ಉಳಿಯುತ್ತದೆ ಎಂಬ ವಿಷಯ. ಉಲ್ಲೇಖಿಸಿದವರು ಯಾರೆಂದು ನೋಡಿದೆ. ಸ್ವಂತ ಲ್ಯಾಬಿನವರು ಕೆಲವರೇ. ಉಳಿದವರು ಕೋಲ್ಕತ್ತಾ, ಬ್ರೆಜಿಲ್, ಬೆಲ್ಜಿಯಂ ಕಡೆಯವರು, ಅದೇ ರೋಗಾಣುವಿನ ಜೊತೆ ಗುದ್ದಾಡುವವರು. “ಕಾಕು, ಕೇಳುವುದಿದ್ದರೆ ಇದರ ಬಗ್ಗೆ ಕೇಳ್ರಿ” ಅಂದೆ.

ಭಾನುವಾರ ಹುಡುಗ ಬಂದ. ನನ್ನನ್ನೂ ಕರೆದಿದ್ದರು. ಉಪ್ಪಿಟ್ಟಿನ ತಾಟು ಕೈಗಿಡುತ್ತಲೇ ಕಾಕು ಕೇಳಿಬಿಟ್ಟರು. “ಆ ಅರವತ್ತೊಂದರ ಪೇಪರಿನೊಳಗ ನೀವು ಏನು ಮಾಡಿದ್ರಿ?” ಹುಡುಗ ಒಂದು ಕ್ಷಣ ಬೆಚ್ಚಿದ. ಆಮೇಲೆ ಅರ್ಧ ಗಂಟೆ ಮಾತಾಡಿದ. ಎರಡು ವರ್ಷ ಕೋಶಗಳು ಸಾಯುತ್ತಲೇ ಇದ್ದದ್ದು, ಕೊನೆಗೆ ಇನ್‌ಕ್ಯುಬೇಟರ್ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ ಎಂದು ಗೊತ್ತಾದದ್ದು, ಎಲ್ಲ ಹೇಳಿದ. ಉಪ್ಪಿಟ್ಟು ಆರಿತು.

“ಮತ್ತ ಆ ನಾನೂರ ಹನ್ನೆರಡರದು?”

“ಅದರಾಗ ನಂದೇನೂ ಇಲ್ಲ ಬಿಡ್ರಿ. ಆಸ್ಪತ್ರೆಯಿಂದ ಸ್ಯಾಂಪಲ್ ತಂದು ಫ್ರೀಜರಿಗೆ ಹಾಕಿದ್ದು ಅಷ್ಟೇ.”

ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಆವರೆಗೆ ಸುಮ್ಮನೆ ಕೂತಿದ್ದಳು. ಚಹಾ ಕಪ್ ಕೆಳಗಿಟ್ಟು ಅಂದಳು: “ಹಂಗಾದ್ರ ಬಯೋಡೇಟಾದೊಳಗ 375 ಅಂತ ಬರೀಬೇಕಿತ್ತಲ್ಲ?”